ಬಾದಾಮಿಯ ದಾರಿಯಲ್ಲಿ ಭಾವನ ಮೋಟಾರು

ಕಳೆದ ತಿಂಗಳು ಕಾರವಾರದ ಒಂದು ಶಾಲೆಯವರು ಮಕ್ಕಳ ಚಿತ್ರಪ್ರದರ್ಶನಕ್ಕೆ ನನ್ನನ್ನು ಕರೆದಿದ್ದರು. ನಿವೃತ್ತನಾದ ಡ್ರಾಯಿಂಗ್ ಮಾಸ್ತರನನ್ನು ಇಂಥದ್ದಕ್ಕಲ್ಲದೆ ಮತ್ತೆ ಯಾವುದಕ್ಕೆ ಕರೆಯುತ್ತಾರೆ? ನಲವತ್ತು ಚಿತ್ರಗಳಲ್ಲಿ ಮೂವತ್ತು ಕಡಲು, ಒಂಬತ್ತು ತೆಂಗಿನಮರ. ಉಳಿದ ಒಂದು ಬಾದಾಮಿಯ ಬೆಟ್ಟ. ಯಾವುದೋ ಕ್ಯಾಲೆಂಡರು ನೋಡಿ ಬರೆದದ್ದು. ಕಲ್ಲಿಗೆ ಟೊಮೆಟೊ ಹಣ್ಣಿನ ಬಣ್ಣ ಬಳಿದಿದ್ದರು. "ನೀವು ಬಾದಾಮಿ ನೋಡಿದ್ದೀರಾ ಸಾರ್?" ಎಂದು ಅಲ್ಲಿಯ ಹೊಸ ಮಾಸ್ತರು ಕೇಳಿದರು. ನೋಡಿದ್ದೇನೆ ಎಂದೆ. ಹೇಗಿದೆ ಎಂದರು. ಬಿಸಿ ಇದೆ ಎಂದೆ. ಅವರು ನಕ್ಕರು. ನಾನು ನಗಿಸುವುದಕ್ಕೆ ಹೇಳಿರಲಿಲ್ಲ. ಚಹಾ ಕುಡಿಯದೆ ಎದ್ದು ಬಂದೆ, ದಾರಿಯುದ್ದಕ್ಕೂ ಮೈ ಉರಿಯುತ್ತಲೇ ಇತ್ತು.

ಮೂವತ್ತರ ದಶಕದ ಒಂದು ಬೇಸಿಗೆಯ ಮಾತು ಇದು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಕಾರವಾರದ ಶಾಲೆಯೊಂದರಲ್ಲಿ ತಾತ್ಕಾಲಿಕ ಡ್ರಾಯಿಂಗ್ ಮಾಸ್ತರ. ಶಿರವಾಡದಲ್ಲಿ ಒಂದು ಕೋಣೆ ಹಿಡಿದು, ಅಲ್ಲಿಂದ ದಿನವೂ ನಡೆದು ಶಾಲೆಗೆ ಹೋಗುತ್ತಿದ್ದೆ. ಕೆಲಸ ಕಾಯಂ ಆಗುವುದೆಂಬ ಆಸೆಯಲ್ಲಿ ಎರಡು ವರ್ಷ ಕಳೆದಿದ್ದವು. ಆ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ಇಲಾಖೆಯಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ನನ್ನ ಚಿತ್ರಗಳ ಕಟ್ಟನ್ನು ಬಿಚ್ಚಿ, ಒಂದೊಂದಾಗಿ ಮಗುಚಿ ಹಾಕಿದರು. ಕಾಳಿ ನದಿಯ ಈಚೆಯಿಂದ ಕಂಡ ಸದಾಶಿವಗಡ, ಮಳೆಯಲ್ಲಿ ಸದಾಶಿವಗಡ, ಮಂಜಿನಲ್ಲಿ ಸದಾಶಿವಗಡ. ಕೊನೆಗೆ ಕಟ್ಟು ಮುಚ್ಚಿ, "ಎಲ್ಲ ಕಡೆಯೂ ನೀರೇ ಇದೆ. ಒಣ ನೆಲ ಬರೆಯಲು ನಿಮಗೆ ಬರುತ್ತದೆಯೇ?" ಎಂದು ಕೇಳಿದರು.

ಬರುತ್ತದೆ ಎಂದುಬಿಟ್ಟೆ.

"ಹಾಗಾದರೆ ಜೂನಿನಲ್ಲಿ ಶಾಲೆ ತೆರೆಯುವ ದಿನ ಹತ್ತು ಚಿತ್ರ ಹೆಡ್‌ಮಾಸ್ತರರ ಕೈಗೆ ಕೊಡಿ. ಎದುರು ಕೂತು ಬರೆದದ್ದಾಗಿರಬೇಕು. ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ."

ಒಣ ನೆಲವೆಂದರೆ ನನಗೆ ಹೊಳೆದದ್ದು ಬಾದಾಮಿ. ಹಿಂದೊಮ್ಮೆ ಯಾರೋ ತಂದಿದ್ದ ಒಂದು ತುಂಡು ಕಲ್ಲನ್ನು ಕೈಯಲ್ಲಿ ಹಿಡಿದಿದ್ದೆ. ನಮ್ಮ ಕಡೆಯ ಮುರಕಲ್ಲಿನ ಹಾಗೆ ತೂತುತೂತಲ್ಲ. ಕೆಂಪು, ನುಣುಪು, ಉಜ್ಜಿದರೆ ಕೈಗೆ ಮರಳು ಹತ್ತುವಂಥದ್ದು. ಅಂಥ ಕಲ್ಲಿನದೇ ಬೆಟ್ಟಗಳಂತೆ, ಸಂಜೆಗೆ ಹೊಳೆಯುತ್ತವಂತೆ. ರಜೆ ಶುರುವಾದ ಮಾರನೆಯ ದಿನ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು, ಎರಡು ದಿನದಲ್ಲಿ ಬಾದಾಮಿ. ಎಲ್ಲ ಗೊತ್ತು ಮಾಡಿಕೊಂಡು, ಅಕ್ಕನಿಗೆ ಹೇಳಿ ಹೋಗೋಣವೆಂದು ಅಂಕೋಲೆಗೆ ಹೋದೆ. ಅದೇ ನಾನು ಮಾಡಿದ ಮೊದಲ ತಪ್ಪು.

ಭಾವನಿಗೆ ಅಂಕೋಲೆಯಲ್ಲಿ ತೆಂಗಿನಕಾಯಿಯ ವ್ಯಾಪಾರ. ಹಿಂದಿನ ವರ್ಷ ಎಲ್ಲಿಂದಲೋ ಒಂದು ಹಳೆಯ ಮೋಟಾರು ಕೊಂಡು ತಂದು, ಅಂಕೋಲೆ ಕಾರವಾರದ ನಡುವೆ ಬಾಡಿಗೆಗೆ ಓಡಿಸುತ್ತಿದ್ದ. ಮೇಲೆ ಕ್ಯಾನ್ವಾಸಿನ ಮುಚ್ಚಿಗೆ, ಪಕ್ಕಗಳೆಲ್ಲ ಬಯಲು. ಅದನ್ನು ಅವನು ಮನೆಗೆ ಬಂದ ಸೊಸೆಯಂತೆ ನೋಡಿಕೊಳ್ಳುತ್ತಿದ್ದ. ನನ್ನ ಮಾತು ಮುಗಿಯುವ ಮೊದಲೇ, "ರೈಲು ಎಂತಕ್ಕೆ ತಮಾ? ಮನೆಲೇ ಮೋಟಾರದೆ. ನಾನು ಕರ್ಕೊಂಡ್ ಹೋಗ್ತೆ" ಎಂದ.

ಅಕ್ಕನ ಗಂಡ. ತಾಯಿ ಹೋದ ಮೇಲೆ ನನ್ನನ್ನು ಅವರಿಬ್ಬರೇ ಓದಿಸಿದ್ದು. ಒಲ್ಲೆ ಎನ್ನುವುದು ಹೇಗೆ?

ಆಮೇಲೆ ಶುರುವಾಯಿತು ಕಾಯುವ ಕೆಲಸ. ಅದು ಮದುವೆಯ ಕಾಲ. ಭಾವನ ಮೋಟಾರಿಗೆ ದಿನವೂ ಒಂದು ದಿಬ್ಬಣ. "ಅವ್ರು ನಮ್ಮೋರೇ ಮಾರಾಯ, ಇಲ್ಲ ಅನ್ನೂಕೆ ಆಗೂದಿಲ್ಲ. ನಾಳೆ ಹೋಗ್ವಾ." ನಾಳೆ ಇನ್ನೊಬ್ಬರು ನಮ್ಮವರು. ಮದುವೆಗಳು ಮುಗಿದವು ಎನ್ನುವಾಗ ಟಾಯರು ಒಡೆಯಿತು. ಟಾಯರು ಬಂದ ಮೇಲೆ ಹಾರ್ನು ಕೂಗಲಿಲ್ಲ. ಹಾರ್ನಿಗಾಗಿ ಆರು ದಿನ ಕಾದೆವು. "ಹಾರ್ನ್ ಇಲ್ದೇ ಪರಊರಿಗೆ ಹೋದ್ರೆ ಮರ್ಯಾದೆ ಎಂತದು?" ಎಂದು ಭಾವ ಕೇಳಿದ. ಜಗಲಿಯಲ್ಲಿ ಕೂತು, ನಾನು ಬಣ್ಣದ ಡಬ್ಬಿಯನ್ನು ತೆಗೆಯುವುದು, ಮುಚ್ಚುವುದು. ಒಂದು ದಿನ ಸಿಟ್ಟು ತಡೆಯಲಾಗದೆ ಒಬ್ಬನೇ ಬಸ್ಸು ಹತ್ತುತ್ತೇನೆ ಎಂದು ಚೀಲ ಹೆಗಲಿಗೆ ಹಾಕಿದೆ. ಅಕ್ಕ ಚೀಲ ಇಳಿಸಿಕೊಂಡಳು. "ಅವ್ರಿಗೆ ಎಷ್ಟ್ ಹೌಸು, ಎಷ್ಟ್ ಆಸೆ ಅದೆ ನಿಂಗೆ ಗೊತ್ತಿಲ್ಲ. ನನ್ ತಮ್ಮನ್ನ ನಾನೇ ಕರ್ಕೊಂಡ್ ಹೋಗ್ತೆ ಅಂತ ಊರ್ ತುಂಬ ಹೇಳ್ಕೊಂಡ್ ಬಂದಾರೆ."

ಮೇ ತಿಂಗಳ ಕೊನೆಯ ವಾರ ಹೊರಟೆವು. ಅಕ್ಕನೂ ಬಂದಳು. ಕುಚ್ಚಲಕ್ಕಿ, ಒಣಮೀನು, ಇಪ್ಪತ್ತು ತೆಂಗಿನಕಾಯಿ, ತುರಿಮಣೆ, ಒಂದು ತಾಮ್ರದ ಕೊಡ. ಇಷ್ಟರ ನಡುವೆ ನನ್ನ ಕಾಗದದ ಕಟ್ಟಿಗೆ ಜಾಗವಿರಲಿಲ್ಲ. ಮೂರು ದಿನವೂ ತೊಡೆಯ ಮೇಲೆ ಇಟ್ಟುಕೊಂಡೇ ಕೂತೆ. ಅರಬೈಲು ಘಟ್ಟದಲ್ಲಿ ಮೋಟಾರು ಐದು ಸಲ ಕುದಿಯಿತು. ಐದು ಸಲವೂ ನಾನು ಕೊಡ ಹಿಡಿದು ಹಳ್ಳಕ್ಕೆ ಇಳಿದು ನೀರು ತಂದೆ. ಪ್ರತಿ ಸಲವೂ ಭಾವ ಬಾನೆಟ್ಟಿನ ಮೇಲೆ ಕೈಯಿಟ್ಟು, "ದಣದಾದೆ ಪಾಪ" ಎನ್ನುತ್ತಿದ್ದ.

ಹುಬ್ಬಳ್ಳಿ ದಾಟಿದ ಮೇಲೆ ನೆಲ ಕಪ್ಪಾಯಿತು, ಮರಗಳು ಮುಗಿದವು. ನಮ್ಮ ಕಡೆ ಎತ್ತ ನೋಡಿದರೂ ಗುಡ್ಡವೋ ಕಡಲೋ ಕಣ್ಣಿಗೆ ತಡೆಯಾಗುತ್ತದೆ. ಇಲ್ಲಿ ಏನೂ ಇಲ್ಲ. ಧೂಳಿನ ಸುಳಿಗಾಳಿ ಎದ್ದು ಹೊಲಗಳ ಮೇಲೆ ಒಂಟಿಯಾಗಿ ನಡೆದು ಹೋಗುತ್ತಿತ್ತು. ಭಾವನಿಗೆ ನಿಜವಾದ ತೊಂದರೆ ಶುರುವಾದದ್ದು ಅಲ್ಲೇ. ಹುಟ್ಟಿದಾಗಿನಿಂದ ಅವನು ದಿಕ್ಕು ತಿಳಿದದ್ದು ಕಡಲಿನಿಂದ. ಎಡಕ್ಕೆ ಕಡಲಿದ್ದರೆ ಕಾರವಾರ, ಬಲಕ್ಕಿದ್ದರೆ ಅಂಕೋಲೆ. ಕಡಲೇ ಇಲ್ಲದ ಊರಿನಲ್ಲಿ ಮೂರು ದಾರಿ ಕೂಡಿದರೆ ಮೋಟಾರು ನಿಲ್ಲಿಸಿ, ಸುಮ್ಮನೆ ಮೂಗು ಎತ್ತಿ ಗಾಳಿ ಹಿಡಿಯುತ್ತಿದ್ದ. ಯಾರನ್ನಾದರೂ ಕೇಳೋಣವೆಂದರೆ ಒಪ್ಪುತ್ತಿರಲಿಲ್ಲ. "ಕೇಳ್ಕಂಡ್ ಹೋಗೂಕೆ ನಾವೇನು ಯಾತ್ರೆಗ್ ಬಂದೋರಾ?" ಹಾಗೆ ನವಲಗುಂದದಿಂದ ಹೊರಟವರು ಮಧ್ಯಾಹ್ನವಿಡೀ ಓಡಿ, ಬೇರೆ ಬದಿಯಿಂದ ನವಲಗುಂದಕ್ಕೇ ಬಂದು ಸೇರಿದೆವು. ನಾನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅಲ್ಲೇ ಜಗಳವಾಗಿ ಮುಗಿದುಹೋಗುತ್ತಿತ್ತೇನೋ. ನುಂಗಿಕೊಂಡದ್ದೇ ಕೆಟ್ಟದ್ದಾಯಿತು.

ಮೂರನೆಯ ದಿನ ಇಳಿಹೊತ್ತಿನಲ್ಲಿ, ಮತ್ತೆ ದಾರಿ ತಪ್ಪಿ, ಮಲಪ್ರಭೆಯ ದಂಡೆಯ ಒಂದು ಹಳ್ಳಿಗೆ ಬಂದೆವು. ಬೇಸಿಗೆಯ ನದಿ. ಅಗಲವಾದ ಮರಳಿನ ಹಾಸು, ನಡುವೆ ಒಂದು ಸಣ್ಣ ಹರಿವು. ಆಚೆ, ಮೂಡಣದಲ್ಲಿ, ಮೊದಲ ಸಲ ಬೆಟ್ಟ ಕಂಡಿತು. ಬಿಸಿಲು ಅದರ ಮೇಲೆ ನೇರವಾಗಿ ಬಿದ್ದಿತ್ತು. ಅದನ್ನು ಕೆಂಪು ಎಂದರೆ ಸಾಲದು. ಒಲೆಯಿಂದ ಈಗ ತಾನೇ ಹೊರಗೆಳೆದ ಕೆಂಡ ಬೂದಿಯಾಗುವ ಮುಂಚೆ ಇರುತ್ತದಲ್ಲ, ಆ ಬಣ್ಣ. ಶಾಲೆ ತೆರೆಯಲು ಒಂಬತ್ತೇ ದಿನ ಉಳಿದಿತ್ತು, ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಹೊಲದಲ್ಲಿದ್ದ ಒಬ್ಬ ರೈತನನ್ನು ನಾನೇ ಇಳಿದು ಕೇಳಿದೆ. ಗಾಡಿ ದಾಟುವ ಹಾದಿ ಎರಡು ಮೈಲಿ ಮೇಲಿದೆ, ಅಲ್ಲಿ ಕಲ್ಲು ಹಾಸಿದೆ, ಸುತ್ತಿ ಹೋಗಿ ಎಂದ. ಭಾವ ಮೋಟಾರು ತಿರುಗಿಸಲು ಹೊರಟ. ನನ್ನ ತಾಳ್ಮೆ ಅಲ್ಲಿಗೆ ಕಡಿಯಿತು.

ಅಂಕೋಲೆಯ ಹತ್ತಿರ, ಹಾರವಾಡದ ದಂಡೆಯಲ್ಲಿ ಇಳಿತದ ಹೊತ್ತಿಗೆ ಕಡಲು ಬಿಟ್ಟುಕೊಟ್ಟ ಮರಳು ಗಚ್ಚಿನ ನೆಲದಷ್ಟು ಗಟ್ಟಿ. ಎತ್ತಿನ ಗಾಡಿಗಳು ಅದರ ಮೇಲೇ ಹೋಗುತ್ತಿದ್ದವು. ಭಾವ ಮೋಟಾರನ್ನೂ ಓಡಿಸಿ ತೋರಿಸಿದ್ದ. ಮೇಲಿನ ಒಣ ಮರಳಿನಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ, ಹಸಿ ಮರಳಿಗೆ ಇಳಿದರೆ ಸಾಕು, ಪಾರು. ಒಣಗಿದ್ದು ಮೆತ್ತಗೆ, ಹಸಿಯಾದದ್ದು ಗಟ್ಟಿ: ಇದು ನಮ್ಮ ಕಡೆಯ ಮಗುವಿಗೂ ಗೊತ್ತು. ಇಲ್ಲೂ ಹರಿವಿನ ಅಂಚಿಗೆ ಅಂಥದೇ ಹಸಿ ಪಟ್ಟಿಯೊಂದು ಹೊಳೆಯುತ್ತಿತ್ತು.

"ಭಾವ, ಸುತ್ತೂದು ಬೇಡ. ಇಲ್ಲೇ ಇಳಸಿ. ಆ ಹಸಿ ಹೊಯ್ಗೆ ಮೇಲೆ ಹತ್ತಿದ್ರೆ ಹಾರವಾಡದ ಹಾಂಗೇ ಓಡಸ್ಬಹುದು."

ಭಾವ ಇಳಿದು ಹೋಗಿ ಮರಳಿನಲ್ಲಿ ಹಿಮ್ಮಡಿ ಒತ್ತಿ ನೋಡಿದ. ಮೂರು ವಾರದಲ್ಲಿ ಅವನು ಅನುಮಾನ ಪಟ್ಟದ್ದು ಅದೊಂದೇ ಸಲ. "ಇದು ಕಡಲಿನ ಹೊಯ್ಗೆ ಅಲ್ಲ ತಮಾ. ನಂಗೆ ಸಮ ಕಾಣೂದಿಲ್ಲ."

"ನಿಮ್ಗೆ ಹಾರ್ನ್ ಬೇಕು, ದಿಬ್ಬಣ ಬೇಕು. ನನ್ ಕೆಲ್ಸ ಹೋದ್ರೆ ನಿಮ್ಗೆಂತದು?" ಎಂದೆ. ಇಪ್ಪತ್ತು ದಿನ ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ಈಗ ಇಳಸ್ತ್ರೋ, ಇಲ್ಲ ನಾನು ನಡ್ಕೊಂಡ್ ಹೋಗ್ಲೋ?"

ಭಾವನ ಮುಖ ಸಣ್ಣದಾಯಿತು. ಹಿಂದೆ ಕೂತಿದ್ದ ಅಕ್ಕ, "ತಮಾ" ಎಂದಳು ಅಷ್ಟೇ. ಭಾವ ಹತ್ತಿ ಕೂತು, ಜೋರಾಗಿ ಮೋಟಾರನ್ನು ಮರಳಿಗೆ ಇಳಿಸಿದ. ಒಣ ಮರಳನ್ನು ಅದೇ ರಭಸದಲ್ಲಿ ದಾಟಿದೆವು. ಹಸಿ ಪಟ್ಟಿಗೆ ಮುಂದಿನ ಚಕ್ರ ತಾಗಿತು, ಅಂಬಲಿಗೆ ಬಿದ್ದ ಹಾಗೆ ಇಳಿದುಹೋಯಿತು. ಭಾವ ಹಿಂದೆ ತೆಗೆಯಲು ನೋಡಿದಷ್ಟೂ ಇಳಿಯಿತು. ಕಡಲಿನ ಅಲೆ ದಿನಕ್ಕೆರಡು ಸಲ ಬಡಿದು ಗಟ್ಟಿಮಾಡಿದ ಮರಳೇ ಬೇರೆ, ಒಳಗೊಳಗೇ ನೀರು ಒಸರುವ ನದಿಯ ಮರಳೇ ಬೇರೆ. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅದೇ ರೈತ ನಾಲ್ಕು ಜೋಡಿ ಎತ್ತು ತಂದ. ಹಗ್ಗ ಕಟ್ಟುತ್ತಾ, "ಉಸುಕಿನ್ಯಾಗ ಇಳಸಾಕ ಯಾರ್ ಹೇಳಿದ್ರೀ ನಿಮಗ?" ಎಂದು ಕೇಳಿದ.

"ನಾನೇ. ನಂಗೇ ಬುದ್ಧಿ ಇಲ್ಲ" ಎಂದ ಭಾವ.

ನಾನು ಮೊಣಕಾಲಿನ ತನಕ ಕೆಸರಿನಲ್ಲಿ ನಿಂತು ಅದನ್ನು ಕೇಳಿದೆ. ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು.

ಎತ್ತುಗಳು ಎಳೆದವು. ಮೋಟಾರು ಮೇಲೆ ಬಂತು, ಆದರೆ ಹಿಂದಿನ ಅಚ್ಚು ಮುರಿದಿತ್ತು. ಮಾರನೆಯ ದಿನ ಬೆಳಿಗ್ಗೆ ಭಾವ ಒಂದು ಗಾಡಿ ಹತ್ತಿ, ಬೇರೆ ಅಚ್ಚು ತರಲು ಹುಬ್ಬಳ್ಳಿಗೆ ಹೋದ. ನಾನೂ ಅಕ್ಕನೂ ರೈತನ ಹೊಲದ ಗುಡಿಸಲಿನಲ್ಲಿ ಉಳಿದೆವು. ಅವನ ಹೆಂಡತಿ ಜೋಳದ ರೊಟ್ಟಿ ತಂದುಕೊಟ್ಟರೆ, ಅಕ್ಕ ಅವಳಿಗೆ ಕಾಯಿ ತುರಿದು ಕೊಟ್ಟಳು. ಎರಡು ದಿನದಲ್ಲಿ ಅವರಿಬ್ಬರೂ ಹಳೆಯ ಗೆಳತಿಯರ ಹಾಗೆ ಆದರು.

ಬೆಟ್ಟ ಅಲ್ಲೇ ಇತ್ತು. ಒಂದು ಗಂಟೆಯ ನಡಿಗೆ ಎಂದುಕೊಂಡು ಬೆಳಿಗ್ಗೆ ಹೊರಟೆ. ನಮ್ಮ ಕಡೆ ತೇವದ ಗಾಳಿಯಲ್ಲಿ ದೂರದ ಗುಡ್ಡ ಮಸುಕಾಗಿ, ದೂರವಾಗಿಯೇ ಕಾಣುತ್ತದೆ. ಆ ಒಣ ಗಾಳಿಯಲ್ಲಿ ಬೆಟ್ಟದ ಒಂದೊಂದು ಬಿರುಕೂ ಎಣಿಸಬಹುದು ಅನ್ನುವಷ್ಟು ಸ್ಪಷ್ಟ. ನಡೆದೆ, ನಡೆದೆ, ಅದು ಹತ್ತಿರವೇ ಆಗಲಿಲ್ಲ. ಬುಡ ಮುಟ್ಟುವಾಗ ಸೂರ್ಯ ನೆತ್ತಿಯ ಮೇಲಿದ್ದ, ಚೊಂಬಿನ ನೀರು ಅರ್ಧವಾಗಿತ್ತು.

ಆದರೂ ಆ ಕಲ್ಲು. ಅಡ್ಡಡ್ಡಕ್ಕೆ ಪದರು ಪದರಾಗಿ, ಯಾರೋ ರೊಟ್ಟಿ ಒಟ್ಟಿಟ್ಟ ಹಾಗೆ. ಕೆಲವು ಪದರು ಕೆಂಪು, ಕೆಲವು ಹಳದಿ, ನಡುವೆ ಒಂದು ನೇರಳೆ. ಬಂಡೆಗಳ ಸಂದಿಯಲ್ಲಿ ಹತ್ತಿದೆ. ಒಂದು ಕಡೆ ಮಲಗಿದ ದೊಡ್ಡ ಹಾಸುಗಲ್ಲಿನ ಮೇಲೆ ಸಾಲು ಸಾಲು ಗೀರು. ಬಗ್ಗಿ ನೋಡಿ ಕೂತುಬಿಟ್ಟೆ. ಇಳಿತದ ಹೊತ್ತಿಗೆ ಹಾರವಾಡದ ಮರಳಿನ ಮೇಲೆ ನೀರು ಬಿಟ್ಟು ಹೋಗುವ ಅಲೆಯ ಗೀರು ಅದೇ, ಗೆರೆಗೆ ಗೆರೆ. ಯಾವ ಕಾಲದಲ್ಲೋ ಇಲ್ಲೂ ನೀರಿತ್ತು. ಯಾರೂ ಇಲ್ಲದ ಆ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೈಯಾಡಿಸುತ್ತಾ ಕೂತಾಗ, ನನಗೆ ಕೆಲಸವೂ ಮರೆತಿತ್ತು, ಸಿಟ್ಟೂ ಮರೆತಿತ್ತು. ಆ ಅರ್ಧ ಗಂಟೆಯನ್ನು ನನ್ನಿಂದ ಯಾರೂ ಕಸಿಯಲಾರರು.

ಆಮೇಲೆ ಕಾಗದ ಬಿಚ್ಚಿದೆ. ನಾನು ಕಲಿತದ್ದು ಕರಾವಳಿಯ ಕೈ. ಬಣ್ಣದ ನೀರನ್ನು ಕಾಗದದ ಮೇಲೆ ಹರಡಿ, ಅದು ಹಸಿಯಿರುವಾಗಲೇ ಇನ್ನೊಂದು ಬಣ್ಣ ಬಿಟ್ಟು, ಎರಡೂ ತಾವಾಗಿ ಕೂಡುವುದನ್ನು ಕಾಯಬೇಕು. ಕಾರವಾರದಲ್ಲಿ ಒಂದು ಆಕಾಶ ಬಳಿದು ಚಹಾ ಕುಡಿದು ಬಂದರೂ ಹಸಿ ಹಸಿಯೇ. ಇಲ್ಲಿ ಕುಂಚ ಅರ್ಧ ಕಾಗದ ದಾಟುವ ಮೊದಲೇ ಹಿಂದಿನದು ಒಣಗಿ ಅಂಚು ಕಟ್ಟಿತು. ಎರಡನೆಯ ಬಣ್ಣ ಅದರ ಮೇಲೆ ಕಲೆಯಾಗಿ ಕೂತಿತು. ನೀರು ಹೆಚ್ಚು ಹಾಕಿದೆ. ಕುಡಿಯುವ ನೀರೂ ಮುಗಿಯಿತು. ಐದು ಕಾಗದ ಕೆಡಿಸಿದೆ. ಆರನೆಯದನ್ನು ಸಿಟ್ಟಿನಿಂದ ಹರಿದೆ. ಗುಡಿಸಲಿಗೆ ವಾಪಸು ಬರುವಾಗ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅಕ್ಕ ಎರಡು ದಿನ ಏಳಗೊಡಲಿಲ್ಲ. ಮೂರನೆಯ ದಿನ ಮತ್ತೆ ಹೋಗಿ, ಪೆನ್ಸಿಲಿನಲ್ಲಿ ಎರಡು ಚಿತ್ರ ಬರೆದೆ. ಅಷ್ಟರಲ್ಲಿ ಮೋಡ ಮೇಲೆದ್ದು, ಧೂಳು ಕಣ್ಣಿಗೆ ನುಗ್ಗಿ, ಆಟ ಮುಗಿಯಿತು.

ಆ ಸಂಜೆ ಅಕ್ಕ ಒಲೆಯ ಮುಂದೆ ಕೂತು ಹೇಳಿದಳು: "ಇಳಸು ಅಂತ ಹೇಳ್ದೋನು ನೀನು. ನಾನು ಯಾರ ಹತ್ರನೂ ಹೇಳೂದಿಲ್ಲ. ಆದ್ರೆ ಅವ್ರು ಬಂದ್ಮೇಲೆ ನೀನೇ ಒಂದ್ ಮಾತು ಹೇಳು. ನಂದೂ ತಪ್ಪಾತು ಭಾವ ಅಂತ. ಅಷ್ಟೇ ಸಾಕು ಅವ್ರಿಗೆ."

ಹೂಂ ಎಂದೆ.

ಭಾವ ಐದನೆಯ ದಿನ ಬಂದ. ಮುಖವೆಲ್ಲ ಬಿಸಿಲಿಗೆ ಸುಟ್ಟಿತ್ತು, ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಅಚ್ಚು. ಬಂದವನೇ ಕೇಳಿದ್ದು, "ಎಷ್ಟ್ ಆತು ತಮಾ, ಹತ್ತೂ ಆತಾ?" ಎರಡು ಎಂದೆ. ಅವನು ಅಲ್ಲೇ ನೆಲದ ಮೇಲೆ ಕೂತ. ಆಗ ಹೇಳಬಹುದಾಗಿತ್ತು. ನೀನು ಮೊದಲೇ ಹೊರಟಿದ್ದರೆ ಇದೆಲ್ಲ ಎಲ್ಲಿತ್ತು ಎಂದುಕೊಂಡೆ, ಮುಖ ತಿರುಗಿಸಿದೆ. ಹಿಂದಿರುಗುವ ದಾರಿಯಲ್ಲಿ ಅವನು ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ದಾರಿ ಕೇಳಿದ.

ಶಾಲೆ ತೆರೆದ ದಿನ ಕಾರವಾರದಲ್ಲಿ ಮಳೆ ಹಿಡಿದಿತ್ತು. ಎರಡು ಪೆನ್ಸಿಲ್ ಚಿತ್ರಗಳನ್ನು ಹಿಡಿದು ಹೆಡ್‌ಮಾಸ್ತರರ ಮುಂದೆ ನಿಂತೆ. ಧಾರವಾಡದ ಕಡೆಯವರು, ಮಾತು ಕಡಿಮೆ. ಚಿತ್ರ ನೋಡಿದರು, ನನ್ನನ್ನು ನೋಡಿದರು. "ಹತ್ತು ಅಂದಿದ್ರಲ್ರಿ ಸಾಹೇಬ್ರು" ಎಂದರು. ಅಷ್ಟರಲ್ಲಿ ಬಾಗಿಲಲ್ಲಿ ಭಾವ. ಅಂಕೋಲೆಯಿಂದ ಮೊದಲ ಬಸ್ಸಿಗೆ ಬಂದಿದ್ದ. ಮದುವೆಗೆ ಹಾಕುವ ಕೋಟು ಹಾಕಿಕೊಂಡಿದ್ದ, ಅದು ನೆನೆದು ಹೆಗಲಿಗೆ ಅಂಟಿತ್ತು. ಅವನು ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಕೈ ಮುಗಿದು ಹೇಳಿದ: "ಮಾಸ್ತರ್ರೆ, ಇವನ ತಪ್ಪು ಒಂದೂ ಇಲ್ಲ. ಮೋಟಾರು ನಂದು. ತಡ ಮಾಡ್ದೋನೂ ನಾನೇ. ಹೊಳೆ ಹೊಯ್ಗೆಲಿ ಇಳಸ್ಬೇಡಿ ಭಾವ ಅಂತ ಇವ ಬಡ್ಕೊಂಡ. ನಾನು ಕೇಳ್ಲಿಲ್ಲ. ಇವನ ಕೈಲಿ ವಿದ್ಯೆ ಅದೆ, ಸ್ವಲ್ಪ ದಿನ ಕೊಡ್ಬೇಕು."

ಹೆಡ್‌ಮಾಸ್ತರರು ನನ್ನ ಕಡೆ ತಿರುಗಿದರು. "ಹೌದೇನ್ರಿ ಮಾಸ್ತರ?"

ಹೊರಗೆ ಮಳೆ ಹೊಯ್ಯುತ್ತಿತ್ತು. ಭಾವ ನನ್ನನ್ನು ನೋಡಲಿಲ್ಲ, ನೆಲ ನೋಡುತ್ತಿದ್ದ.

"ಹೌದು" ಎಂದೆ.

ಎರಡು ತಿಂಗಳ ಅವಧಿ ಸಿಕ್ಕಿತು. ಶಿರವಾಡದ ಕೋಣೆಯಲ್ಲಿ, ಆ ಎರಡು ಚಿತ್ರ ಮುಂದಿಟ್ಟುಕೊಂಡು, ನೆನಪಿನಿಂದ ಉಳಿದ ಎಂಟು ಬರೆದೆ. ಎದುರು ಕೂತು ಬರೆದದ್ದೇ ಎಂದು ಸಹಿ ಹಾಕಿದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಸಲೀಸಾಗಿ ಕೂಡುತ್ತದೆ. ಶ್ರಾವಣದಲ್ಲಿ ಕೆಲಸ ಕಾಯಂ ಆಯಿತು. ಮೂವತ್ತು ವರ್ಷ ಅದೇ ಕೆಲಸದ ಅನ್ನ ತಿಂದೆ.

ಆ ವರ್ಷದ ಚೌತಿಗೆ ಅಂಕೋಲೆಯ ಮನೆಯಲ್ಲಿ ನೆಂಟರೆಲ್ಲ ಸೇರಿದ್ದರು. ಸಾಲಾಗಿ ಎಲೆ ಹಾಕಿ ಊಟಕ್ಕೆ ಕೂತಿದ್ದೆವು. ಅಷ್ಟರಲ್ಲಿ ಮೋಟಾರಿನ ಸುದ್ದಿ ಊರೆಲ್ಲ ಹಬ್ಬಿತ್ತು. ಭಾವನ ಚಿಕ್ಕಪ್ಪನ ಮಗ ಎಲೆಯ ಮುಂದೆ ಕೂತು, "ಏನಾ, ಈ ಸಲ ಗಣಪತಿ ಮುಳ್ಗಸೂಕೆ ಹೊಳಿಗೇ ಮೋಟಾರು ಇಳಸ್ತ್ಯಾ?" ಎಂದು ಕೆಣಕಿದ. ಎಲ್ಲರೂ ನಕ್ಕರು. ಭಾವನೂ ನಕ್ಕ. ನಗುತ್ತಾ ತಾನೇ ಕತೆಯನ್ನು ಬೆಳೆಸಿದ: "ತಮ್ಮ ಹಿಂದಿಂದ ಕೂಗ್ತೇ ಇದ್ದ, ಬೇಡ ಭಾವ, ಬೇಡ ಭಾವ ಅಂತ. ನಂಗೆ ಕಿವಿನೇ ಇರ್ಲಿಲ್ಲ."

ಅಕ್ಕ ಪಾಯಸ ಬಡಿಸುತ್ತಾ ಬಂದವಳು ನನ್ನ ಎಲೆಯ ಮುಂದೆ ನಿಂತಳು. ಸೌಟು ಪಾತ್ರೆಯಲ್ಲೇ ಇತ್ತು. ಬಡಿಸಲಿಲ್ಲ, ಮುಂದೆಯೂ ಹೋಗಲಿಲ್ಲ. ನನ್ನ ಮುಖ ನೋಡುತ್ತಾ ಕಾದಳು. ಸಾಲಿನ ನಗು ಇನ್ನೂ ನಿಂತಿರಲಿಲ್ಲ. ಒಂದು ಮಾತಿಗೆ ಬೇಕಾದಷ್ಟು ಹೊತ್ತಿತ್ತು.

"ಸ್ವಲ್ಪ ಹಾಕು" ಎಂದೆ.

ಅಕ್ಕ ಹಾಕಿದಳು, ಮುಂದಿನ ಎಲೆಗೆ ಹೋದಳು.